ಸತ್ತ ಮೇಲೂ ಮಸೂದೆ ತಿದ್ದುವ ಸೆನೆಟರ್

2021ರ ಫೆಬ್ರವರಿ 25. ಜೋ ಬೈಡನ್ ಅಮೆರಿಕದ ಅಧ್ಯಕ್ಷರಾಗಿ ಒಂದು ತಿಂಗಳು ದಾಟಿತ್ತು. ಕೊರೊನಾ ಪರಿಹಾರದ ದೊಡ್ಡ ಮಸೂದೆಯೊಂದು ತಯಾರಾಗುತ್ತಿತ್ತು. ಕನಿಷ್ಠ ಕೂಲಿಯನ್ನು ಗಂಟೆಗೆ 7.25 ಡಾಲರ್‌ನಿಂದ 15 ಡಾಲರ್‌ಗೆ ಏರಿಸುವ ಪ್ರಸ್ತಾವವೂ ಅದರೊಳಗಿತ್ತು. ಅಲ್ಲಿನ ಸಂಸತ್ತಿನ ಕೆಳಮನೆ ಹೌಸ್, ಮೇಲ್ಮನೆ ಸೆನೆಟ್, ಎರಡೂ ಬೈಡನ್ ಪಕ್ಷದ ಕೈಯಲ್ಲೇ ಇದ್ದವು. ಆದರೂ ಆ ಸಂಜೆ ಪ್ರಸ್ತಾವ ಬಿದ್ದುಹೋಯಿತು. ಬೀಳಿಸಿದ್ದು ವಿರೋಧ ಪಕ್ಷವೂ ಅಲ್ಲ, ಕೋರ್ಟೂ ಅಲ್ಲ. ಸದನದ ನಿಯಮಗಳ ಬಗ್ಗೆ ಸಲಹೆ ಕೊಡುವ ಅಧಿಕಾರಿ, ಅಂದರೆ ಪಾರ್ಲಿಮೆಂಟೇರಿಯನ್ ಎಲಿಜಬೆತ್ ಮ್ಯಾಕ್‌ಡೊನೋ, ಇದು ಸೆನೆಟ್‌ನ ‘ಬರ್ಡ್ ರೂಲ್’ ಅನ್ನುವ ನಿಯಮಕ್ಕೆ ಹೊಂದುವುದಿಲ್ಲ ಎಂದರು. ಕಥೆ ಅಲ್ಲಿಗೆ ಮುಗಿಯಿತು.

ಆ ರೂಲ್‌ಗೆ ಹೆಸರು ಕೊಟ್ಟ ಮನುಷ್ಯ ಅಷ್ಟೊತ್ತಿಗೆ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಹೆಸರು ರಾಬರ್ಟ್ ಸಿ. ಬರ್ಡ್, ರಾಜ್ಯ ವೆಸ್ಟ್ ವರ್ಜೀನಿಯಾ, ಪಕ್ಷ ಡೆಮಾಕ್ರಟಿಕ್. 1959ರ ಜನವರಿ 3ರಂದು ಸೆನೆಟ್‌ಗೆ ಬಂದವರು 2010ರ ಜೂನ್ 28ರಂದು ಸಾಯುವವರೆಗೂ ಅಲ್ಲೇ ಇದ್ದರು. 51 ವರ್ಷಕ್ಕೂ ಜಾಸ್ತಿ. ಸೆನೆಟ್‌ನಲ್ಲಿ ಅಷ್ಟು ಕಾಲ ಕೂತವರು ಇನ್ನೊಬ್ಬರಿಲ್ಲ. ಅದಕ್ಕೂ ಮೊದಲು ಹೌಸ್‌ನಲ್ಲಿ 6 ವರ್ಷ ಇದ್ದರು. ಎರಡನ್ನೂ ಕೂಡಿಸಿದರೆ 57 ದಾಟುತ್ತದೆ. ಒಟ್ಟು ಲೆಕ್ಕದಲ್ಲಿ ಅವರನ್ನು ಮೀರಿಸಿದವರು ಮಿಷಿಗನ್‌ನ ಜಾನ್ ಡಿಂಗೆಲ್ ಮಾತ್ರ, ಅದೂ 2013ರಲ್ಲಿ. ಬರ್ಡ್ ಸೆನೆಟ್‌ನಲ್ಲಿದ್ದಾಗ ಐಸೆನ್‌ಹೋವರ್‌ನಿಂದ ಒಬಾಮವರೆಗೆ 11 ಜನ ಅಧ್ಯಕ್ಷರಾದರು. ಅವರ ‘ಕೆಳಗೆ’ ಎಂದರೆ ಬರ್ಡ್ ಒಪ್ಪುತ್ತಿರಲಿಲ್ಲ. ಅವರ ‘ಜೊತೆ’ ಕೆಲಸ ಮಾಡಿದೆ ಅನ್ನುತ್ತಿದ್ದರು.

ವರ್ಷಗಳ ಲೆಕ್ಕದಿಂದ ಮಾತ್ರ ಯಾರೂ ದೊಡ್ಡವರಾಗುವುದಿಲ್ಲ ಬಿಡಿ. ಐದಾರು ಸಲ ಗೆದ್ದು ಹಿಂದಿನ ಬೆಂಚಿನಲ್ಲಿ ತೂಕಡಿಸಿದವರು ಎಲ್ಲ ಸದನಗಳಲ್ಲೂ ಸಿಗುತ್ತಾರೆ. ಬರ್ಡ್ ಕಡೆ ನನ್ನ ಗಮನ ಹೋಗಿದ್ದಕ್ಕೆ ಬೇರೆ ಕಾರಣ ಇದೆ. ಅವರಿಗೆ ಆಸ್ತಿ ಇರಲಿಲ್ಲ, ಮನೆತನದ ಹೆಸರಿರಲಿಲ್ಲ, ಕೆನಡಿ ಸಹೋದರರ ಥರ ನೋಡಿದ ಕೂಡಲೇ ಜನ ಮರುಳಾಗುವ ರೂಪವೂ ಇರಲಿಲ್ಲ. ಇಲ್ಲದವನಿಗೂ ಬಿಟ್ಟಿಯಾಗಿ ಸಿಗುವ ಒಂದು ಆಯುಧವನ್ನು ಅವರು ಬೇಗ ಕಂಡುಕೊಂಡರು. ಅದು ಸದನದ ರೂಲ್ ಬುಕ್. ಬೇರೆಯವರು ಬೋರು ಎಂದು ಪಕ್ಕಕ್ಕಿಟ್ಟಿದ್ದನ್ನು ಇವರು ಕೂತು ಓದಿದರು. ಒಳ್ಳೆಯದಕ್ಕೂ ಬಳಸಿದರು, ಕೆಟ್ಟದ್ದಕ್ಕೂ ಬಳಸಿದರು.

ಹುಟ್ಟಿದ್ದು 1917ರ ನವೆಂಬರ್ 20ರಂದು, ನಾರ್ತ್ ಕ್ಯಾರೊಲೈನಾದಲ್ಲಿ. ಆಗ ಇಟ್ಟ ಹೆಸರು ಕಾರ್ನೀಲಿಯಸ್ ಕ್ಯಾಲ್ವಿನ್ ಸೇಲ್ ಜೂನಿಯರ್. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ 1918ರ ಇನ್‌ಫ್ಲುಯೆಂಜಾ ಮಹಾಮಾರಿ ತಾಯಿಯನ್ನು ಕೊಂಡೊಯ್ದಿತು. ಅತ್ತೆ ಮಾವ, ಅಂದರೆ ಅಪ್ಪನ ತಂಗಿ ಮತ್ತು ಆಕೆಯ ಗಂಡ ಟೈಟಸ್ ಬರ್ಡ್, ಮಗುವನ್ನು ಸಾಕಲು ತೆಗೆದುಕೊಂಡರು. ಹೊಸ ಹೆಸರಿಟ್ಟು ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಊರುಗಳಿಗೆ ಕರೆದೊಯ್ದರು. ಹುಡುಗನಿಗೆ ತನ್ನ ನಿಜವಾದ ಹುಟ್ಟಿದ ದಿನ ಗೊತ್ತಾಗಿದ್ದು ವಯಸ್ಸು 50 ದಾಟಿದ ಮೇಲೆ. ಒಬ್ಬ ಅಣ್ಣ ಹೇಳಿದಾಗ.

ಆಗಿನ ಗಣಿ ಊರುಗಳು ಹೇಗಿದ್ದವು ಅಂತ ಒಂದು ಮಾತು ಹೇಳಬೇಕು. ಮನೆ ಕಂಪನಿಯದು, ಅಂಗಡಿ ಕಂಪನಿಯದು. ಎಷ್ಟೋ ಕಡೆ ಕೂಲಿಯನ್ನೂ ಡಾಲರ್ ಬದಲು ಕಂಪನಿಯ ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ಅದು ಕಂಪನಿ ಅಂಗಡಿಯಲ್ಲಿ ಮಾತ್ರ ನಡೆಯುತ್ತಿತ್ತು. ಟೈಟಸ್ ಬರ್ಡ್ ಅಂಥ ಗಣಿ ಕೂಲಿ. ಮನೆಯಲ್ಲಿ ಹಂದಿ ಸಾಕುತ್ತಿದ್ದರು. ಹುಡುಗ ರಾಬರ್ಟ್ ಮನೆಮನೆಗೆ ಹೋಗಿ ಉಳಿದ ಮುಸುರೆ ತಂದು ಹಂದಿಗೆ ಹಾಕುತ್ತಿದ್ದ. (ಹಂದಿ ಈ ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ.) ಹೈಸ್ಕೂಲಿನಲ್ಲಿ ತರಗತಿಗೇ ಮೊದಲಿಗನಾಗಿ 1934ರಲ್ಲಿ ಪಾಸಾದ. ಆದರೆ ಅದು ಮಹಾ ಆರ್ಥಿಕ ಕುಸಿತದ ಕಾಲ. ಕಾಲೇಜಿಗೆ ದುಡ್ಡಿರಲಿಲ್ಲ. ಪೆಟ್ರೋಲ್ ಬಂಕ್‌ನಲ್ಲಿ ನಿಂತ, ದಿನಸಿ ಅಂಗಡಿಯಲ್ಲಿ ಮಾಂಸ ಕತ್ತರಿಸಿದ, ಯುದ್ಧದ ಕಾಲದಲ್ಲಿ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿದ. ಗಣಿ ಕಾರ್ಮಿಕನ ಮಗಳು ಎರ್ಮಾಳನ್ನು ಮದುವೆಯಾದ. ಆ ದಾಂಪತ್ಯ 2006ರಲ್ಲಿ ಆಕೆ ತೀರಿಕೊಳ್ಳುವವರೆಗೆ ಸುಮಾರು 69 ವರ್ಷ ನಡೆಯಿತು.

ಇಲ್ಲಿಯವರೆಗೆ ಕೇಳಲು ಚೆನ್ನಾಗಿದೆ, ಅಲ್ವಾ? ಮುಂದಿನದು ಚೆನ್ನಾಗಿಲ್ಲ.

1940ರ ದಶಕದ ಶುರುವಿನಲ್ಲಿ ಬರ್ಡ್ ಕೂ ಕ್ಲಕ್ಸ್ ಕ್ಲಾನ್ ಸೇರಿದರು. ಕಪ್ಪು ಜನರನ್ನು ಹೆದರಿಸಿ, ಹೊಡೆದು, ಕೊಂದು ಹೆಸರು ಮಾಡಿದ ಬಿಳಿಯರ ಗುಂಪು ಅದು. ಸುಮ್ನೆ ಸದಸ್ಯರಾಗಿ ಇದ್ದುಬಿಡಲಿಲ್ಲ. ಸುಮಾರು 150 ಜನರನ್ನು ಸೇರಿಸಿ ಸ್ಥಳೀಯ ಘಟಕ ಕಟ್ಟಿದರು. ಅದರ ಮುಖ್ಯಸ್ಥರೂ ಆದರು. ದಶಕದ ಮಧ್ಯದಲ್ಲಿ ಮಿಸಿಸಿಪಿಯ ಸೆನೆಟರ್ ಒಬ್ಬರಿಗೆ ಪತ್ರ ಬರೆದು, ಕಪ್ಪು ಸೈನಿಕನ ಪಕ್ಕದಲ್ಲಿ ನಿಂತು ತಾನೆಂದೂ ಯುದ್ಧ ಮಾಡುವುದಿಲ್ಲ ಎಂದರು. ಸ್ವಲ್ಪ ಕಾಲಕ್ಕೇ ಕ್ಲಾನ್ ಬಿಟ್ಟುಬಿಟ್ಟೆ ಅಂತ ಆಮೇಲೆ ಹೇಳಿಕೊಂಡರು. ಆದರೆ ರಾಜ್ಯದಲ್ಲಿ ಕ್ಲಾನ್ ಮತ್ತೆ ತಲೆ ಎತ್ತಬೇಕು ಅಂತ ಅವರೇ 1946ರಲ್ಲಿ ಬರೆದ ಪತ್ರ ಮುಂದೆ ಹೊರಬಂತು. ವಯಸ್ಸಿನ ತಪ್ಪು ಅಂತ ತೇಲಿಸಿಬಿಡಲು ಆಗುವುದಿಲ್ಲ. ಆಗ ಅವರಿಗೆ 28 ವರ್ಷ.

ಅದೇ 1946ರಲ್ಲಿ ಮೊದಲ ಚುನಾವಣೆ, ರಾಜ್ಯದ ಕೆಳಮನೆಗೆ. ಪ್ರಚಾರಕ್ಕೆ ಪಿಟೀಲು ಹಿಡಿದು ಹೋದರು. ಬೆಟ್ಟದ ಊರುಗಳ ಜನಪದ ಧಾಟಿಗಳನ್ನು ಚೆನ್ನಾಗಿ ನುಡಿಸುತ್ತಿದ್ದರು. ಭಾಷಣಕ್ಕಿಂತ ಮೊದಲು ಪಿಟೀಲು, ಆಮೇಲೆ ಕೈಕುಲುಕು, ಆಮೇಲೆ ವೋಟು. ಗೆದ್ದರು. 1950ರಲ್ಲಿ ರಾಜ್ಯದ ಮೇಲ್ಮನೆ, 1952ರಲ್ಲಿ ವಾಷಿಂಗ್ಟನ್‌ನ ಹೌಸ್, 1958ರಲ್ಲಿ ಸೆನೆಟ್. ಆಮೇಲೆ ಸೋಲೇ ಇಲ್ಲ. 2000ದ ಚುನಾವಣೆಯಲ್ಲಿ ರಾಜ್ಯದ 55 ಕೌಂಟಿಗಳನ್ನೂ ಗೆದ್ದರು.

ಇಲ್ಲಿ ಸೆನೆಟ್ ಎಂಥ ಜಾಗ ಅನ್ನುವುದನ್ನು ಬಿಡಿಸಿ ಹೇಳದಿದ್ದರೆ ಉಳಿದ ಕಥೆ ಅರ್ಥವಾಗುವುದಿಲ್ಲ. ನಮ್ಮ ರಾಜ್ಯಸಭೆಯಲ್ಲಿ ಜನಸಂಖ್ಯೆ ನೋಡಿ ಸೀಟು ಹಂಚುತ್ತಾರೆ. ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12. ಅಮೆರಿಕದ ಸೆನೆಟ್‌ನಲ್ಲಿ ಹಾಗಿಲ್ಲ. ಕ್ಯಾಲಿಫೋರ್ನಿಯಾ ಇರಲಿ, ವೆಸ್ಟ್ ವರ್ಜೀನಿಯಾ ಇರಲಿ, ತಲಾ 2. ಬರ್ಡ್ ಮೊದಲ ಸಲ ವಾಷಿಂಗ್ಟನ್‌ಗೆ ಬಂದಾಗ ಅವರ ರಾಜ್ಯಕ್ಕೆ ಹೌಸ್‌ನಲ್ಲಿ 6 ಸೀಟು ಇದ್ದವು. ಗಣಿಗಳಿಗೆ ಯಂತ್ರ ಬಂತು, ಕೆಲಸ ಹೋಯಿತು, ಜನ ಊರು ಬಿಟ್ಟರು. ಸೀಟು 5 ಆಯಿತು, 4 ಆಯಿತು, 3 ಆಯಿತು, ಈಗ 2. ಬರ್ಡ್ ಗೆದ್ದು ಬಂದಿದ್ದ 6ನೇ ಕ್ಷೇತ್ರ ಈಗ ನಕ್ಷೆಯಲ್ಲೇ ಇಲ್ಲ. ಆದರೆ ಸೆನೆಟ್‌ನಲ್ಲಿ ಅಂದೂ 2, ಇಂದೂ 2. ಬಡ, ಖಾಲಿಯಾಗುತ್ತಿರುವ ರಾಜ್ಯಕ್ಕೆ ದನಿ ಬೇಕೆಂದರೆ ಸೆನೆಟ್ಟೇ ಗತಿ.

ಎರಡನೆಯದು ಹಿರಿತನ. ಸೆನೆಟ್‌ನ ನಿಜವಾದ ಕೆಲಸ ನಡೆಯುವುದು ಸಮಿತಿಗಳಲ್ಲಿ. ಯಾವ ಪಕ್ಷಕ್ಕೆ ಬಹುಮತವೋ ಆ ಪಕ್ಷದವರಲ್ಲಿ ಆ ಸಮಿತಿಯಲ್ಲಿ ಹೆಚ್ಚು ಕಾಲ ಕೂತವರು ಸಾಮಾನ್ಯವಾಗಿ ಅಧ್ಯಕ್ಷರಾಗುತ್ತಾರೆ. ಬುದ್ಧಿ ನೋಡುವುದಿಲ್ಲ, ಬಣ್ಣ ನೋಡುವುದಿಲ್ಲ, ಸರತಿ ನೋಡುತ್ತಾರೆ. ಹಾಗಾಗಿ ಸಣ್ಣ ರಾಜ್ಯದ ಜನ ಒಬ್ಬನನ್ನೇ ಮತ್ತೆ ಮತ್ತೆ ಗೆಲ್ಲಿಸುವುದು ಬರೀ ಅಭಿಮಾನವಲ್ಲ, ಲೆಕ್ಕಾಚಾರ. ಬದಲಾಯಿಸಿದರೆ ಸರತಿಯ ಕೊನೆಗೆ ಹೋಗಿ ನಿಲ್ಲಬೇಕು.

ಮೂರನೆಯದು ಫಿಲಿಬಸ್ಟರ್. ಸೆನೆಟ್‌ನಲ್ಲಿ ಚರ್ಚೆಗೆ ಗಡಿಯಾರ ಇಲ್ಲ. ಒಬ್ಬ ಸದಸ್ಯ ಎದ್ದು ನಿಂತು ಮಾತಾಡುತ್ತಲೇ ಇರಬಹುದು. ಅವನು ಕೂರುವವರೆಗೆ ಮಸೂದೆ ವೋಟಿಗೆ ಬರುವುದಿಲ್ಲ. ಬಹುಮತ ಇದ್ದವರು ಕೈ ಹಿಸುಕಿಕೊಂಡು ಕೂರಬೇಕು. ಇದಕ್ಕೆ ಮದ್ದು ಎಂದು 1917ರಲ್ಲಿ ‘ಕ್ಲೋಚರ್’ ತಂದರು. ಮೂರನೇ ಎರಡು ಭಾಗ ಸದಸ್ಯರು ಸಾಕು ಎಂದರೆ ಚರ್ಚೆ ನಿಲ್ಲಿಸಬಹುದು. 1975ರಲ್ಲಿ ಅದನ್ನು 100ರಲ್ಲಿ 60ಕ್ಕೆ ಇಳಿಸಿದರು. ಅಮೆರಿಕದಲ್ಲಿ ಯಾವ ದೊಡ್ಡ ಸುದ್ದಿ ಓದಿದರೂ ‘60 ವೋಟು’ ಅನ್ನುವ ಮಾತು ಬರುತ್ತದಲ್ಲ, ಅದರ ಮೂಲ ಇದು.

ಈ ಅಸ್ತ್ರವನ್ನು ಬರ್ಡ್ 1964ರಲ್ಲಿ ಬಳಸಿದರು. ಕಪ್ಪು ಜನರಿಗೆ ಹೋಟೆಲು, ಶಾಲೆ, ಕೆಲಸದಲ್ಲಿ ಸಮಾನ ಹಕ್ಕು ಕೊಡುವ ನಾಗರಿಕ ಹಕ್ಕುಗಳ ಮಸೂದೆ ಸದನದ ಮುಂದಿತ್ತು. ದಕ್ಷಿಣದ ಸೆನೆಟರುಗಳು ವಾರಗಟ್ಟಲೆ ಅದನ್ನು ತಡೆದು ನಿಂತಿದ್ದರು. ಜೂನ್ 9ರ ಸಂಜೆ ಎದ್ದು ನಿಂತ ಬರ್ಡ್ ಮಾತು ಮುಗಿಸಿದ್ದು ಮರುದಿನ ಬೆಳಿಗ್ಗೆ. 14 ಗಂಟೆ 13 ನಿಮಿಷ. ಆ ದಿನವೇ ಕ್ಲೋಚರ್ ವೋಟು ನಡೆಯಿತು. ಕ್ಯಾಲಿಫೋರ್ನಿಯಾದ ಸೆನೆಟರ್ ಕ್ಲೇರ್ ಎಂಗಲ್ ಮೆದುಳಿನ ಗಡ್ಡೆಯಿಂದ ಮಾತು ಕಳೆದುಕೊಂಡಿದ್ದರು. ಅವರನ್ನು ಗಾಲಿಕುರ್ಚಿಯಲ್ಲಿ ತಂದರು. ಹೆಸರು ಕೂಗಿದಾಗ ಎಂಗಲ್ ಕೈ ಎತ್ತಿ ತಮ್ಮ ಕಣ್ಣು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ಹೌದೆನ್ನುವ ‘ಐ’ಗೂ ಒಂದೇ ಉಚ್ಚಾರ. 71ಕ್ಕೆ 29 ವೋಟಿನಲ್ಲಿ ತಡೆ ಮುರಿಯಿತು. ಬರ್ಡ್ ಆ ಮಸೂದೆಗೂ ವಿರುದ್ಧ ವೋಟು ಹಾಕಿದರು, 1965ರ ಮತದಾನ ಹಕ್ಕಿನ ಮಸೂದೆಗೂ.

ಇಷ್ಟು ಹೊತ್ತಿಗೆ ಅವರು ಕಾನೂನು ಪದವೀಧರರಾಗಿದ್ದರು. ಬಿಎ ಇಲ್ಲದೆ! ಹಗಲು ಸದನ, ರಾತ್ರಿ ಲಾ ಕಾಲೇಜು. ಹತ್ತು ವರ್ಷ ಹೀಗೆ ಓದಿ 1963ರ ಜೂನ್‌ನಲ್ಲಿ ಅಮೆರಿಕನ್ ಯೂನಿವರ್ಸಿಟಿಯಿಂದ ಪದವಿ ಪಡೆದರು. ಘಟಿಕೋತ್ಸವಕ್ಕೆ ಬಂದಿದ್ದ ಜಾನ್ ಎಫ್. ಕೆನಡಿಗೂ ಅವತ್ತು ಗೌರವ ಪದವಿ. ಸೆನೆಟರ್ ಬರ್ಡ್ ವರ್ಷಾನುಗಟ್ಟಲೆ ರಾತ್ರಿ ಕೂತು ಗಳಿಸಿದ್ದನ್ನು ನಾನು ಮುಂದಿನ 30 ನಿಮಿಷದಲ್ಲಿ ಗಳಿಸುತ್ತಿದ್ದೇನೆ ಅಂತ ಅವರು ತಮಾಷೆ ಮಾಡಿದರು. ಬಿಎ ಪದವಿ ಬರ್ಡ್‌ಗೆ ಸಿಕ್ಕಿದ್ದು 1994ರಲ್ಲಿ, 76ನೇ ವಯಸ್ಸಿನಲ್ಲಿ.

1967ರಲ್ಲಿ ಅವರಿಗೆ ಪಕ್ಷದ ಕಾರ್ಯದರ್ಶಿ ಹುದ್ದೆ ಸಿಕ್ಕಿತು. ಯಾರಿಗೂ ಬೇಡವಾದ ಕೆಲಸ. ಬರ್ಡ್ ಅದನ್ನೇ ಮೆಟ್ಟಿಲು ಮಾಡಿಕೊಂಡರು. ಒಬ್ಬ ಸೆನೆಟರ್‌ಗೆ ಸಂಜೆ ವಿಮಾನ ಹಿಡಿಯಬೇಕೇ? ವೋಟಿನ ಸಮಯ ಹೊಂದಿಸಿ ಕೊಡುತ್ತಿದ್ದರು. ಇನ್ನೊಬ್ಬರ ತಿದ್ದುಪಡಿ ಮಂಡನೆಯಾಗಬೇಕೇ? ಅವರ ಪರವಾಗಿ ತಾವೇ ಸದನದಲ್ಲಿ ಕಾಯುತ್ತಿದ್ದರು. ಆಗ ಪಕ್ಷದ ಎರಡನೇ ದೊಡ್ಡ ಹುದ್ದೆ, ಅಂದರೆ ವಿಪ್ ಸ್ಥಾನದಲ್ಲಿದ್ದವರು ಟೆಡ್ ಕೆನಡಿ. 1971ರ ಜನವರಿಯಲ್ಲಿ ಬರ್ಡ್ ಅವರ ವಿರುದ್ಧ ನಿಂತರು. ಗುಟ್ಟಾಗಿ ತಲೆ ಎಣಿಸುತ್ತಾ ಇದ್ದರು. ಜಾರ್ಜಿಯಾದ ರಿಚರ್ಡ್ ರಸೆಲ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುವ ಸ್ಥಿತಿಯಲ್ಲಿದ್ದರು. ತಮ್ಮ ವೋಟನ್ನು ಬರ್ಡ್‌ಗೆ ಬರೆದುಕೊಟ್ಟಿದ್ದರು. ರಸೆಲ್ ಇನ್ನೂ ಬದುಕಿದ್ದಾರೆ ಅನ್ನುವುದು ಖಾತ್ರಿಯಾದ ಮೇಲೆಯೇ ಬರ್ಡ್ ಕಣಕ್ಕಿಳಿದರು. ಫಲಿತಾಂಶ 31–24. ಕೆನಡಿ ಸೋತರು. ರಸೆಲ್ ಅದೇ ದಿನ ತೀರಿಕೊಂಡರು. ದೇಶದಲ್ಲೇ ಹೆಸರುವಾಸಿಯಾದ ಮನೆತನವನ್ನು ಗಣಿ ಊರಿನ ಹುಡುಗ ಸಣ್ಣಪುಟ್ಟ ಉಪಕಾರಗಳ ಲೆಕ್ಕದಿಂದ ಬೀಳಿಸಿದ್ದ.

1977ರಿಂದ 1989ರವರೆಗೆ ಪಕ್ಷದ ನಾಯಕರಾಗಿದ್ದರು. ಮೊದಲ 4 ವರ್ಷ ಬಹುಮತದ ನಾಯಕ, ನಡುವಿನ 6 ವರ್ಷ ವಿರೋಧ ಪಕ್ಷದ ನಾಯಕ, ಮತ್ತೆ 2 ವರ್ಷ ಬಹುಮತದ ನಾಯಕ. 1964ರಲ್ಲಿ ಫಿಲಿಬಸ್ಟರ್ ಮಾಡಿದವರು ಈಗ ಅದನ್ನು ಮುರಿಯುವ ಕುರ್ಚಿಯಲ್ಲಿ ಕೂತಿದ್ದರು. ನೈಸರ್ಗಿಕ ಅನಿಲದ ಬೆಲೆ ನಿಯಂತ್ರಣದ ವಿಷಯಕ್ಕೆ 1977ರಲ್ಲಿ ಅವರದೇ ಪಕ್ಷದ ಇಬ್ಬರು ಸೆನೆಟರುಗಳು ಒಂದು ಸಂದು ಕಂಡುಹಿಡಿದರು. ಕ್ಲೋಚರ್ ಆದಮೇಲೂ ತಿದ್ದುಪಡಿಗಳ ಮೇಲೆ ತಿದ್ದುಪಡಿ ತಂದು ಕಾಲ ಕೊಲ್ಲಬಹುದಿತ್ತು. ನೂರಾರು ತಿದ್ದುಪಡಿ ರಾಶಿ ಹಾಕಿಕೊಂಡು ಕೂತಿದ್ದರು. ಬರ್ಡ್ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್‌ರನ್ನು ಸಭಾಪತಿ ಪೀಠದಲ್ಲಿ ಕೂರಿಸಿದರು. ಒಂದೊಂದೇ ತಿದ್ದುಪಡಿ ಕರೆಸಿ, ಇದು ಕ್ರಮಬದ್ಧವಲ್ಲ ಎಂದು ಸಭಾಪತಿಯಿಂದ ಹೇಳಿಸಿ, ಡಜನ್‌ಗಟ್ಟಲೆ ಹೊಡೆದುಹಾಕಿಸಿದರು. ಸದನದಲ್ಲಿ ದೊಡ್ಡ ಗಲಾಟೆಯೇ ಆಯಿತು. 1979ರಲ್ಲಿ ಕ್ಲೋಚರ್ ನಂತರದ ಕಲಾಪಕ್ಕೆ 100 ಗಂಟೆಯ ಮಿತಿ ತಂದು ಆ ಸಂದನ್ನೂ ಮುಚ್ಚಿಸಿದರು. ನಾಯಕನಾಗಿದ್ದಾಗ ನಿಯಮ ಬಿಗಿ ಮಾಡುವುದು, ಅಧಿಕಾರ ಹೋದಾಗ ಅಲ್ಪಸಂಖ್ಯೆಯ ಹಕ್ಕು ಪವಿತ್ರ ಅನ್ನುವುದು. ಸ್ವಲ್ಪ ಅನುಕೂಲಸಿಂಧುವೇ, ನನಗಂತೂ ಹಾಗನ್ನಿಸುತ್ತದೆ.

ರೂಲ್ ಬುಕ್ ಕೈಕೊಟ್ಟ ದಿನವೂ ಇತ್ತು. 1988ರ ಫೆಬ್ರವರಿಯಲ್ಲಿ ಚುನಾವಣಾ ಖರ್ಚಿಗೆ ಕಡಿವಾಣ ಹಾಕುವ ಮಸೂದೆಯನ್ನು ರಿಪಬ್ಲಿಕನ್ನರು ತಡೆದಿದ್ದರು. ಕೋರಂ ಆಗದಿರಲಿ ಎಂದು ಅವರು ಸದನಕ್ಕೇ ಬಾರದೆ ತಪ್ಪಿಸಿಕೊಂಡರು. ಬರ್ಡ್ ಹಳೆಯ ನಿಯಮವೊಂದನ್ನು ಹೊರತೆಗೆದರು. ಗೈರಾದ ಸದಸ್ಯರನ್ನು ಬಂಧಿಸಿ ತರಬಹುದು! ಮಧ್ಯರಾತ್ರಿ ಸದನದ ಭದ್ರತಾ ಮುಖ್ಯಸ್ಥ ಕಚೇರಿ ಕಚೇರಿ ಹುಡುಕಿಕೊಂಡು ಹೊರಟರು. ಆರೆಗಾನ್‌ನ ಬಾಬ್ ಪ್ಯಾಕ್‌ವುಡ್ ಒಳಗಿನಿಂದ ಬಾಗಿಲು ಹಾಕಿಕೊಂಡು ಕೂತಿದ್ದರು. ಬಾಗಿಲು ತೆಗೆಸಿ, ಅವರನ್ನು ಅನಾಮತ್ತಾಗಿ ಎತ್ತಿ, ಕಾಲು ಮುಂದಾಗಿ ಹೊತ್ತುಕೊಂಡೇ ಸದನಕ್ಕೆ ತಂದರು. ಇಷ್ಟೆಲ್ಲ ಮಾಡಿಯೂ ಮಸೂದೆ ಪಾಸಾಗಲಿಲ್ಲ.

ಈಗ ಬರ್ಡ್ ರೂಲ್‌ಗೆ ಬರೋಣ. ಇದು ತುಸು ಗೋಜಲು, ನಿಧಾನವಾಗಿ ಹೋಗೋಣ.

1974ರ ಬಜೆಟ್ ಕಾನೂನು ಸೆನೆಟ್‌ಗೆ ಒಂದು ಪಕ್ಕದ ಬಾಗಿಲು ಮಾಡಿಕೊಟ್ಟಿತು. ಹೆಸರು ‘ರಿಕನ್ಸಿಲಿಯೇಶನ್’. ತೆರಿಗೆ ಮತ್ತು ಖರ್ಚನ್ನು ಬಜೆಟ್ ಗುರಿಗೆ ಹೊಂದಿಸುವ ಮಸೂದೆಗೆ ಚರ್ಚೆ 20 ಗಂಟೆ ಮಾತ್ರ. ಮಿತಿ ಇದೆ ಎಂದರೆ ಫಿಲಿಬಸ್ಟರ್ ಇಲ್ಲ. ಫಿಲಿಬಸ್ಟರ್ ಇಲ್ಲ ಎಂದರೆ 60 ವೋಟು ಬೇಕಿಲ್ಲ, ಬರೀ ಬಹುಮತ ಸಾಕು. ಇಂಥ ಬಾಗಿಲು ಕಂಡರೆ ರಾಜಕಾರಣಿಗಳು ಬಿಡುತ್ತಾರಾ? 80ರ ದಶಕದ ಹೊತ್ತಿಗೆ ಬಜೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲದ ವಿಷಯಗಳನ್ನೆಲ್ಲ ಈ ಮಸೂದೆಗಳೊಳಗೆ ತುರುಕಲು ಶುರು ಮಾಡಿದರು. ಮದುವೆ ಬಸ್ಸಿಗೆ ಊರವರೆಲ್ಲ ಹತ್ತಿದ ಹಾಗೆ.

1985ರಲ್ಲಿ ಬರ್ಡ್ ಇದಕ್ಕೊಬ್ಬ ಕಂಡಕ್ಟರ್‌ನನ್ನು ನೇಮಿಸಿದರು ಅನ್ನಬಹುದು. ಅವರ ತಿದ್ದುಪಡಿಯ ಸಾರ ಇಷ್ಟು: ಸರ್ಕಾರದ ಆದಾಯ ಅಥವಾ ಖರ್ಚನ್ನು ಬದಲಿಸದ ಯಾವ ಅಂಶವೂ ಈ ಮಸೂದೆಯಲ್ಲಿ ಇರಕೂಡದು. ಬದಲಿಸಿದರೂ, ಆ ಬದಲಾವಣೆ ಮುಖ್ಯ ಉದ್ದೇಶದ ಮುಂದೆ ನೆಪಮಾತ್ರವಾಗಿದ್ದರೆ ಅದೂ ಸಲ್ಲದು. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಮುಟ್ಟುವಂತಿಲ್ಲ. ಬಜೆಟ್ ಅವಧಿ ದಾಟಿದ ಮೇಲೆ ಕೊರತೆ ಹೆಚ್ಚಿಸುವಂತಿಲ್ಲ. ಯಾವ ಸೆನೆಟರ್ ಬೇಕಾದರೂ ಎದ್ದು ಆಕ್ಷೇಪ ಎತ್ತಬಹುದು. ಆಕ್ಷೇಪ ಸರಿ ಎಂದಾದರೆ ಆ ಭಾಗವಷ್ಟೇ ಕತ್ತರಿಸಿ ಬೀಳುತ್ತದೆ. ಬೇಡ, ಉಳಿಸಿಕೊಳ್ಳಬೇಕು ಎಂದರೆ ಮತ್ತೆ 60 ವೋಟು ತರಬೇಕು. 1990ರಲ್ಲಿ ಇದು ಬಜೆಟ್ ಕಾನೂನಿನಲ್ಲೇ ಕಾಯಂ ಆಯಿತು.

ಕನಿಷ್ಠ ಕೂಲಿ ಬಿದ್ದದ್ದು ಇದೇ ‘ನೆಪಮಾತ್ರ’ ಅನ್ನುವ ಷರತ್ತಿಗೆ. ಕೂಲಿ ಏರಿದರೆ ಸರ್ಕಾರದ ಲೆಕ್ಕದಲ್ಲೂ ವ್ಯತ್ಯಾಸವಾಗುತ್ತದೆ, ನಿಜ. ಆದರೆ ಅದರ ಮುಖ್ಯ ಉದ್ದೇಶ ಬಜೆಟ್ ಅಲ್ಲವಲ್ಲ. ಈಗ ಪ್ರತಿ ರಿಕನ್ಸಿಲಿಯೇಶನ್ ಮಸೂದೆಯನ್ನೂ ಎರಡೂ ಪಕ್ಷದ ಸಿಬ್ಬಂದಿ ಪಾರ್ಲಿಮೆಂಟೇರಿಯನ್ ಮುಂದಿಟ್ಟು ಸಾಲು ಸಾಲಾಗಿ ವಾದ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಬರ್ಡ್ ಎಂದರೆ ಹಕ್ಕಿ ಎಂದೂ ಕೇಳಿಸುವುದರಿಂದ ಈ ತೊಳೆಯುವಿಕೆಗೆ ‘ಬರ್ಡ್ ಬಾತ್’ ಎಂದು ಹೆಸರು. ತೊಳೆದಾಗ ಉದುರಿದ್ದಕ್ಕೆ ‘ಬರ್ಡ್ ಡ್ರಾಪಿಂಗ್ಸ್’. ಹಕ್ಕಿ ಹಿಕ್ಕೆ!

ರೂಲ್ ಮಾಡಿದವರೇ ಅದಕ್ಕೆ ಬದ್ಧರಾಗಿದ್ದರೇ? ಒಂದು ದೊಡ್ಡ ಪರೀಕ್ಷೆ 1993ರಲ್ಲಿ ಬಂತು. ಕ್ಲಿಂಟನ್ ಅಧ್ಯಕ್ಷರಾಗಿದ್ದರು, ಬರ್ಡ್‌ರದೇ ಪಕ್ಷ. ಎಲ್ಲರಿಗೂ ಆರೋಗ್ಯ ವಿಮೆ ಕೊಡುವ ಯೋಜನೆಯನ್ನು ರಿಕನ್ಸಿಲಿಯೇಶನ್ ಬಾಗಿಲಿನಿಂದ ಒಯ್ಯಲು ಬಿಡಿ ಎಂದು ಕೇಳಿಕೊಂಡರು. ಅಷ್ಟು ದೊಡ್ಡ ವಿಷಯವನ್ನು 20 ಗಂಟೆಯಲ್ಲಿ ಮುಗಿಸುವುದು ಸೆನೆಟ್‌ಗೆ ಮಾಡುವ ಅನ್ಯಾಯ ಎಂದು ಬರ್ಡ್ ಒಪ್ಪಲಿಲ್ಲ. ಯೋಜನೆ ಮರುವರ್ಷ ಸತ್ತುಹೋಯಿತು.

ಇಷ್ಟರಲ್ಲಿ ಅವರು ನಾಯಕತ್ವ ಬಿಟ್ಟಿದ್ದರು. ಯಾರೂ ಕೆಳಗಿಳಿಸಲಿಲ್ಲ, ತಾವೇ ಬಿಟ್ಟರು. 1989ರಲ್ಲಿ ಸರತಿ ಪ್ರಕಾರ ಅನುದಾನ ಸಮಿತಿಯ ಅಧ್ಯಕ್ಷತೆ ಖಾಲಿಯಾಗಿತ್ತು. ಸರ್ಕಾರದ ಖಜಾನೆಯಿಂದ ಒಂದು ಕಾಸು ಹೊರಬರಬೇಕಾದರೂ ಕಾಂಗ್ರೆಸ್ಸಿನ, ಅಂದರೆ ಹೌಸ್ ಮತ್ತು ಸೆನೆಟ್ ಸೇರಿದ ಸಂಸತ್ತಿನ, ಒಪ್ಪಿಗೆ ಬೇಕು ಅನ್ನುತ್ತದೆ ಅಲ್ಲಿನ ಸಂವಿಧಾನ. ಆ ಒಪ್ಪಿಗೆ ಹುಟ್ಟುವ ಕೋಣೆ ಅನುದಾನ ಸಮಿತಿ. ನಾಯಕನಿಗೆ ಹೆಸರು, ಕ್ಯಾಮೆರಾ. ಇಲ್ಲಿ ದುಡ್ಡು. ಐದು ವರ್ಷದಲ್ಲಿ ವೆಸ್ಟ್ ವರ್ಜೀನಿಯಾಗೆ 100 ಕೋಟಿ ಡಾಲರ್ ತರುತ್ತೇನೆ ಎಂದು ಬಹಿರಂಗವಾಗಿಯೇ ಹೇಳಿದರು. ಗಡುವಿಗೆ ಮೊದಲೇ ತಂದರು.

ಏನೇನು ತಂದರು ನೋಡಿ. ಎಫ್‌ಬಿಐನ ಬೆರಳಚ್ಚು ವಿಭಾಗ ವಾಷಿಂಗ್ಟನ್ ಬಿಟ್ಟು ಕ್ಲಾರ್ಕ್ಸ್‌ಬರ್ಗ್ ಅನ್ನುವ ಊರಿಗೆ ಬಂತು. ಸಾವಿರಾರು ಜನರಿಗೆ ಕೆಲಸವೂ ಬಂತು. ಬೆಟ್ಟ ಕೊರೆದು ಹೆದ್ದಾರಿಗಳು ಬಂದವು. ಕೋಸ್ಟ್ ಗಾರ್ಡ್‌ನ, ಅಂದರೆ ಕರಾವಳಿ ಕಾವಲು ಪಡೆಯ, ಒಂದು ಕೇಂದ್ರ ಮಾರ್ಟಿನ್ಸ್‌ಬರ್ಗ್‌ಗೆ ಬಂತು. ವೆಸ್ಟ್ ವರ್ಜೀನಿಯಾಗೆ ಸಮುದ್ರವೇ ಇಲ್ಲ! ಸರ್ಕಾರಿ ಖರ್ಚಿನ ಮೇಲೆ ಕಣ್ಣಿಟ್ಟ ಸಂಸ್ಥೆಯೊಂದು ಅವರಿಗೆ ‘ಕಿಂಗ್ ಆಫ್ ಪೋರ್ಕ್’ ಎಂದು ಬಿರುದು ಕೊಟ್ಟಿತು. ಸ್ವಂತ ಕ್ಷೇತ್ರಕ್ಕೆ ಬಾಚಿಕೊಳ್ಳುವ ದುಡ್ಡಿಗೆ ಅಲ್ಲಿ ‘ಪೋರ್ಕ್’, ಹಂದಿಮಾಂಸ, ಅನ್ನುತ್ತಾರೆ. ಮುಸುರೆ ಹೊತ್ತು ಹಂದಿ ಸಾಕಿದವರಿಗೆ ಆ ಬೈಗುಳ ತಟ್ಟಲೇ ಇಲ್ಲ. ಸಂತೋಷವಾಗಿ ಒಪ್ಪಿಕೊಂಡರು. ರಸ್ತೆ, ಸೇತುವೆ, ಕಾಲೇಜು, ಆಸ್ಪತ್ರೆ ಸೇರಿ ಡಜನ್‌ಗಟ್ಟಲೆ ಕಡೆ ಅವರ ಹೆಸರಿದೆ. ಬದುಕಿದ್ದಾಗಲೇ ಇಷ್ಟೊಂದು ಹೆಸರಿಡಿಸಿಕೊಳ್ಳುವುದು ನೋಡಲು ಅಷ್ಟು ಚೆಂದವಿರಲಿಲ್ಲ ಅನ್ನುವುದೂ ನಿಜ.

ಆದರೆ ಎಲ್ಲವೂ ಹಂದಿಮಾಂಸವೇ? ಗ್ರೀನ್ ಬ್ಯಾಂಕ್ ಅನ್ನುವ ಹಳ್ಳಿ ನೋಡಿ. ಅಲ್ಲಿದ್ದ 300 ಅಡಿ ಅಗಲದ ರೇಡಿಯೋ ದೂರದರ್ಶಕ 1988ರ ನವೆಂಬರ್ 15ರ ರಾತ್ರಿ ಇದ್ದಕ್ಕಿದ್ದಂತೆ ಕುಸಿದು ಬಿತ್ತು. ಮರುವರ್ಷವೇ ಬರ್ಡ್ ಹೊಸದಕ್ಕೆ ಸುಮಾರು ಏಳೂವರೆ ಕೋಟಿ ಡಾಲರ್ ಮಂಜೂರು ಮಾಡಿಸಿದರು. 2000ದಲ್ಲಿ ಉದ್ಘಾಟನೆಯಾದ ಅದರ ತಟ್ಟೆಯ ಅಳತೆ 100 ಮೀಟರ್‌ಗೆ 110 ಮೀಟರ್. ಇಡಿಯಾಗಿ ಎತ್ತ ಬೇಕಾದರತ್ತ ತಿರುಗಿಸಬಹುದಾದ ರೇಡಿಯೋ ದೂರದರ್ಶಕಗಳಲ್ಲಿ ಜಗತ್ತಿಗೇ ದೊಡ್ಡದು. ಅನ್ಯಗ್ರಹದ ಜೀವಿಗಳಿಂದ ಸಂಕೇತ ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಿರುವುದೂ ಇದರಿಂದಲೇ. ಇದಕ್ಕೂ ಬರ್ಡ್ ಹೆಸರೇ ಇದೆ. ಇದನ್ನು ದುಂದು ಅನ್ನುವ ಖಗೋಳ ವಿಜ್ಞಾನಿ ಸಿಗುವುದು ಕಷ್ಟ.

ದುಡ್ಡಿನ ಬೀಗದ ಕೈ ಅಧ್ಯಕ್ಷರ ಕೈಗೆ ಹೋಗಬಾರದು ಅನ್ನುವುದು ಅವರಿಗೆ ಧರ್ಮದಂತೆ. ಬಜೆಟ್ಟಿನಲ್ಲಿ ಬೇಡವಾದ ಸಾಲನ್ನಷ್ಟೇ ಅಧ್ಯಕ್ಷರು ಹೊಡೆದುಹಾಕುವ ಅಧಿಕಾರ ಕೊಡಬೇಕೆಂಬ ಕೂಗು ಎದ್ದಾಗ, 1993ರಲ್ಲಿ ಸದನದಲ್ಲಿ 14 ಭಾಷಣ ಮಾಡಿದರು. ವಿಷಯ ರೋಮ್! ಪ್ರಾಚೀನ ರೋಮಿನ ಸೆನೆಟ್ ತನ್ನ ಅಧಿಕಾರವನ್ನು ಸೀಸರ್‌ಗಳಿಗೆ ತಾನೇ ಹೇಗೆ ಒಪ್ಪಿಸಿತು ಎಂದು ಪಾಠ ಮಾಡಿದರು. ಕಾನೂನು 1996ರಲ್ಲಿ ಬಂದೇ ಬಂತು. ಬರ್ಡ್ ಕೋರ್ಟಿಗೆ ಹೋದರು. ಕೇಸು ಹಾಕುವ ಹಕ್ಕು ನಿಮಗಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ವಾಪಸ್ ಕಳಿಸಿತು. ಮರುವರ್ಷ ಬೇರೆಯವರ ಕೇಸಿನಲ್ಲಿ ಅದೇ ಕೋರ್ಟು ಆ ಕಾನೂನನ್ನೇ ರದ್ದು ಮಾಡಿತು.

ಜೇಬಿನಲ್ಲಿ ಸದಾ ಸಂವಿಧಾನದ ಸಣ್ಣ ಪ್ರತಿ ಇರುತ್ತಿತ್ತು. 2002ರಲ್ಲಿ ಇರಾಕ್ ಮೇಲೆ ಯುದ್ಧಕ್ಕೆ ಅನುಮತಿ ಕೇಳಿದಾಗ ಅದನ್ನೇ ಹಿಡಿದು ಎದ್ದು ನಿಂತರು. ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು, ಖಾಲಿ ಚೆಕ್ ಕೊಡಬೇಡಿ ಎಂದರು. 1964ರಲ್ಲಿ ವಿಯೆಟ್ನಾಂ ವಿಷಯದಲ್ಲಿ ಅಂಥದೇ ನಿರ್ಣಯಕ್ಕೆ ತಾವೇ ಹೌದು ಎಂದಿದ್ದು ಅವರನ್ನು ಕೊರೆಯುತ್ತಿತ್ತು. ವೋಟು 77–23, ಸೋತರು. 2003ರ ಫೆಬ್ರವರಿಯಲ್ಲಿ, ಯುದ್ಧ ಶುರುವಾಗುವ ಮೊದಲು, ಈ ಸದನ ಭಯವಾಗುವಷ್ಟು ಮೌನವಾಗಿದೆ ಎಂದು ಮಾಡಿದ ಭಾಷಣ ಇಂಟರ್ನೆಟ್ಟಿನಲ್ಲಿ ಹರಿದಾಡಿತು. 85 ವರ್ಷದ ಮುದುಕನಿಗೆ ಇದ್ದಕ್ಕಿದ್ದಂತೆ ಕಾಲೇಜು ಹುಡುಗರು ಅಭಿಮಾನಿಗಳಾದರು.

ಕಪ್ಪು ಜನರ ವಿಷಯದಲ್ಲಿ ಅವರು ಬದಲಾದರೇ? 1968ರ ನಾಗರಿಕ ಹಕ್ಕು ಮಸೂದೆಗೆ ಹೌದು ಎಂದರು. ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜೆಗೆ 1983ರಲ್ಲಿ ಹೌದು ಎಂದರು. ಹಿಂದಿನ ವರ್ಷ ಹದಿಹರೆಯದ ಮೊಮ್ಮಗ ಅಪಘಾತದಲ್ಲಿ ಹೋಗಿದ್ದ. ಕಪ್ಪು ಜನರೂ ಮಕ್ಕಳನ್ನು ನನ್ನಷ್ಟೇ ಪ್ರೀತಿಸುತ್ತಾರೆ ಎಂದು ಆ ದುಃಖದಲ್ಲಿ ಹೊಳೆಯಿತು ಎಂದು ಹೇಳಿಕೊಂಡಿದ್ದಾರೆ. ಅಷ್ಟು ಸರಳ ಮಾತು ಹೊಳೆಯಲು 64 ವರ್ಷ ಬೇಕಾಯಿತೇ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ. 2001ರಲ್ಲಿ ಟಿವಿ ಸಂದರ್ಶನದಲ್ಲಿ ಹಳೆಯ ಬೈಗುಳವೊಂದು ಬಾಯಿಂದ ಬಂದು ಕ್ಷಮೆ ಕೇಳಬೇಕಾಯಿತು. ಕ್ಲಾನ್ ಸೇರಿದ್ದು ತಮ್ಮ ಬದುಕಿನ ಅತಿ ದೊಡ್ಡ ತಪ್ಪು ಎಂದು ಮತ್ತೆ ಮತ್ತೆ ಹೇಳಿದರು. 2008ರಲ್ಲಿ ತಮ್ಮ ರಾಜ್ಯದ ಡೆಮಾಕ್ರಟಿಕ್ ಮತದಾರರು ಹಿಲರಿ ಕ್ಲಿಂಟನ್‌ರನ್ನು ಭಾರೀ ಅಂತರದಲ್ಲಿ ಗೆಲ್ಲಿಸಿದ ಕೆಲವೇ ದಿನಕ್ಕೆ ಬರಾಕ್ ಒಬಾಮಗೆ ಬೆಂಬಲ ಘೋಷಿಸಿದರು. ಸತ್ತಾಗ, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂತಾಪ ಸೂಚಿಸಿತು.

ಕಲ್ಲಿದ್ದಲಿನ ಮಾತು ಚಿಕ್ಕದಾಗಿ. 1997ರಲ್ಲಿ ಬರ್ಡ್ ಮತ್ತು ನೆಬ್ರಾಸ್ಕದ ಚಕ್ ಹೇಗಲ್ ತಂದ ನಿರ್ಣಯ 95–0 ವೋಟಿನಲ್ಲಿ ಪಾಸಾಯಿತು. ಭಾರತ, ಚೀನಾದಂಥ ದೇಶಗಳಿಗೆ ಕಟ್ಟುಪಾಡಿಲ್ಲದ ಹವಾಮಾನ ಒಪ್ಪಂದ ನಮಗೆ ಬೇಡ ಅನ್ನುವುದು ಅದರ ಸಾರ. ಅಂಥದೇ ಹವಾಮಾನ ಒಪ್ಪಂದವಾದ ಕ್ಯೋಟೋ ಒಪ್ಪಂದ ಅಮೆರಿಕದಲ್ಲಿ ಹುಟ್ಟುವ ಮೊದಲೇ ಸತ್ತಿತ್ತು. ಆದರೆ 2009ರ ಡಿಸೆಂಬರ್‌ನಲ್ಲಿ, 92ನೇ ವಯಸ್ಸಿನಲ್ಲಿ, ಕಾಲ ಬದಲಾಗಿದೆ, ಕಲ್ಲಿದ್ದಲು ಉದ್ಯಮವೂ ಬದಲಾಗಬೇಕು ಎಂದು ಲೇಖನ ಬರೆದು ಗಣಿ ಧಣಿಗಳನ್ನೇ ಬೆಚ್ಚಿಬೀಳಿಸಿದರು.

ಅದೇ ತಿಂಗಳು ಒಬಾಮ ಆರೋಗ್ಯ ಮಸೂದೆ ಸೆನೆಟ್‌ಗೆ ಬಂತು. ರಿಪಬ್ಲಿಕನ್ನರ ತಡೆ ಮುರಿಯಲು ಸರಿಯಾಗಿ 60 ವೋಟು ಬೇಕಿತ್ತು. ಡೆಮಾಕ್ರಟಿಕ್ ಬಣದಲ್ಲಿ ಇದ್ದದ್ದೇ 60. ವಾಷಿಂಗ್ಟನ್‌ನಲ್ಲಿ ಹಿಮ ಸುರಿದು ರಸ್ತೆಗಳು ಹೂತುಹೋಗಿದ್ದವು. ರಾತ್ರಿ ಒಂದು ಗಂಟೆಗೆ ವೋಟು. ಬರ್ಡ್‌ರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ತಂದರು. 1964ರಲ್ಲಿ ಕ್ಲೇರ್ ಎಂಗಲ್ ಇವರ ಫಿಲಿಬಸ್ಟರ್ ಮುರಿಯಲು ಬಂದದ್ದೂ ಹೀಗೆಯೇ. ಡಿಸೆಂಬರ್ 24ರ ಬೆಳಿಗ್ಗೆ ಕೊನೆಯ ವೋಟು. ಟೆಡ್ ಕೆನಡಿ ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದರು. 1971ರ ಎದುರಾಳಿಗಳು ಅಷ್ಟು ಹೊತ್ತಿಗೆ ಗಾಢ ಸ್ನೇಹಿತರಾಗಿದ್ದರು. ಹೆಸರು ಕೂಗಿದಾಗ ಬರ್ಡ್, ಇದು ನನ್ನ ಗೆಳೆಯ ಟೆಡ್ ಕೆನಡಿಗಾಗಿ ಎಂದು ಕೂಗಿ, ಹೌದು ಎಂದರು.

ಕಥೆಯ ತಿರುವು ಇನ್ನೂ ಇತ್ತು. ಜನವರಿಯಲ್ಲಿ ಕೆನಡಿ ಸೀಟನ್ನು ರಿಪಬ್ಲಿಕನ್ ಪಕ್ಷ ಗೆದ್ದು 60 ಅನ್ನುವುದು 59 ಆಯಿತು. ಉಳಿದ ತಿದ್ದುಪಡಿಗಳನ್ನು ಡೆಮಾಕ್ರಟರು ರಿಕನ್ಸಿಲಿಯೇಶನ್ ಬಾಗಿಲಿನಿಂದಲೇ ಒಯ್ಯಬೇಕಾಯಿತು. ಮಾರ್ಚ್‌ನಲ್ಲಿ ರಿಪಬ್ಲಿಕನ್ನರು ಸಾಲು ಸಾಲು ಹುಡುಕಿ ವಿದ್ಯಾರ್ಥಿ ಅನುದಾನದ ಎರಡು ಸಣ್ಣ ಅಂಶಗಳು ನಿಯಮ ಮೀರಿವೆ ಎಂದು ಹಿಡಿದರು. ಅವನ್ನು ಕಿತ್ತು ಮಸೂದೆಯನ್ನು ಹೌಸ್‌ಗೆ ಮತ್ತೊಮ್ಮೆ ಕಳಿಸಬೇಕಾಯಿತು. ಹಿಡಿದದ್ದು ಬರ್ಡ್ ರೂಲ್. ಬರ್ಡ್ ಇನ್ನೂ ಸೆನೆಟರ್.

ಮೂರು ತಿಂಗಳ ನಂತರ ತೀರಿಕೊಂಡರು. ಅಷ್ಟೊತ್ತಿಗೆ ಹಾಕಿದ ವೋಟುಗಳ ಲೆಕ್ಕ 18,600 ದಾಟಿತ್ತು. 2010ರ ಜುಲೈ 1ರಂದು ಅವರ ಶವಪೆಟ್ಟಿಗೆಯನ್ನು ಸೆನೆಟ್ ಸಭಾಂಗಣದೊಳಗೇ ಇಟ್ಟಿದ್ದರು. ಹಾಗೆ ಮಾಡಿ ಅರ್ಧ ಶತಮಾನ ಕಳೆದಿತ್ತು.

ಸರಿಯಾಗಿ 15 ವರ್ಷ ಕಳೆದು, 2025ರ ಜುಲೈ 1ರಂದು, ಅದೇ ಸಭಾಂಗಣದಲ್ಲಿ ಡೊನಾಲ್ಡ್ ಟ್ರಂಪ್ ಅವರ ದೊಡ್ಡ ತೆರಿಗೆ ಮಸೂದೆ, ಸಮಬಲ ಮುರಿದ ಉಪಾಧ್ಯಕ್ಷರ ವೋಟೂ ಸೇರಿ, 51–50ರಲ್ಲಿ ಪಾಸಾಯಿತು. ಅದೂ ರಿಕನ್ಸಿಲಿಯೇಶನ್ನೇ. ಅದಕ್ಕೂ ಬರ್ಡ್ ಬಾತ್ ಆಗಿತ್ತು. ಕೊನೇ ಗಳಿಗೆಯಲ್ಲಿ ಡೆಮಾಕ್ರಟಿಕ್ ನಾಯಕ ಚಕ್ ಶೂಮರ್ ಎದ್ದು ಇನ್ನೊಂದು ಆಕ್ಷೇಪ ಎತ್ತಿದರು. ಮಸೂದೆಯ ಮೊದಲ ಪುಟದಲ್ಲಿ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್ ಆ್ಯಕ್ಟ್’ ಎಂದು ಅದರ ಹೆಸರು ಬರೆದಿತ್ತು. ಹೆಸರಿನಿಂದ ಖಜಾನೆಗೆ ಆದಾಯವೂ ಇಲ್ಲ, ಖರ್ಚೂ ಇಲ್ಲ. ಸಭಾಪತಿ ಪೀಠ ಆಕ್ಷೇಪ ಎತ್ತಿಹಿಡಿಯಿತು. ಟ್ರಂಪ್ ಪ್ರೀತಿಯಿಂದ ಇಟ್ಟ ಹೆಸರನ್ನು ಹೊಡೆದುಹಾಕಿದರು.